ಹನ್ನೆರಡನೆಯ ಟೊಪ್ಪಿಗೆ

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅಂಗಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಲಾಮಿದಿ ಟೊಪ್ಪಿಗೆಯನ್ನು ತಲೆಯ ಮೇಲಿಟ್ಟುಕೊಂಡ. ಗಿರಾಕಿಗಳಿಗೆಂದು ನಿಲ್ಲಿಸಿದ್ದ ಆಳೆತ್ತರದ ಆ ಕನ್ನಡಿಯಲ್ಲಿ ಇಷ್ಟು ವರ್ಷ ಅವನು ಕಂಡದ್ದು ಬೇರೆಯವರ ಭುಜದ ಹಿಂದಿನಿಂದ ಇಣುಕುವ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ತನ್ನ ಅರ್ಧ ಮುಖವನ್ನು ಮಾತ್ರ. ಈಗ ಇಡೀ ಮುಖ ಕಂಡಿತು. ನಲವತ್ತಾರು ವರ್ಷದ ಮುಖ, ಕಿವಿಯ ಹತ್ತಿರ ಸ್ವಲ್ಪ ನರೆ, ಅದರ ಮೇಲೆ ಬದನೆಕಾಯಿ ಬಣ್ಣದ, ಬೆಳ್ಳಿ ಎಳೆ ಹಾಯಿಸಿದ ಟೊಪ್ಪಿಗೆ. ಟೊಪ್ಪಿಗೆಗೆ ಆ ಮುಖ ಒಪ್ಪುತ್ತಿತ್ತು. ಒಪ್ಪದೆ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಆ ಬಣ್ಣದ ಆ ನೇಯ್ಗೆ ಹ್ಯೂಸ್ಟನ್ನಿನಲ್ಲಿ ಇವತ್ತು ಒಂದೇ ಒಂದು ಕುಟುಂಬದವರ ಮೈಮೇಲೆ ಇರಬೇಕಾದದ್ದು. ಇಬಿದುನ್ ಮೇಡಮ್‌ಗೆ ಅರವತ್ತು ತುಂಬಿತ್ತು. ಅವರ ಅಕ್ಕ ನೈಜೀರಿಯಾದಿಂದ ನೇಯಿಸಿ ಕಳಿಸಿದ ಬಟ್ಟೆ ಅದು, ಮನೆಯವರಿಗೆ ಮಾತ್ರ. ಸ್ನೇಹಿತರಿಗೆ ಬೇರೆ, ತಾಮ್ರದ ಬಣ್ಣದ್ದು. ಇಪ್ಪತ್ತಾರು ಹೆಂಗಸರ ಉಡುಪು, ಹನ್ನೊಂದು ಗಂಡಸರ ಟೊಪ್ಪಿಗೆ, ಎಲ್ಲವನ್ನೂ ಹೊಲಿದವನು ಲಾಮಿದಿಯೇ. ಹೊಲಿದು ಮುಗಿದ ಮೇಲೆ ಚಿಂದಿಯನ್ನೂ ಕಟ್ಟಿ ವಾಪಸು ಕೊಡುವುದು ಮನೆಬಟ್ಟೆಯ ಪದ್ಧತಿ; ಬೇರೆ ಬಟ್ಟೆಯ ಚೂರು ದರ್ಜಿಗೆ ಸೇರಿದರೂ ಇದರದ್ದು ಸೇರುವುದಿಲ್ಲ. ಅವನು ಕಟ್ಟಿಯೇ ಕೊಟ್ಟಿದ್ದ. ಮೊಳದುದ್ದದ ಒಂದು ಪಟ್ಟಿ ಮಾತ್ರ ಮೇಜಿನ ಖಾನೆಯಲ್ಲಿ ಉಳಿದುಬಿಟ್ಟಿತ್ತು. ಉಳಿಸಿಕೊಂಡದ್ದಲ್ಲ, ಉಳಿದದ್ದು ಎಂದು ಎರಡು ದಿನ ಅಂದುಕೊಂಡ. ಮೂರನೆಯ ದಿನ ಅದಕ್ಕೆ ಅಸ್ತರಿ ಹಾಕಿದ.

ಹೋಗಲು ಟೊಪ್ಪಿಗೆ ಬೇಕಾಗಿಯೇ ಇರಲಿಲ್ಲ. ಕರೆಯದೆ ಬಂದವರಿಗೆ ಊಟ ಹಾಕದ ಯೊರುಬಾ ಪಾರ್ಟಿ, ನೈಜೀರಿಯಾದ ತನ್ನ ಜನರ ಪಾರ್ಟಿ, ಅಂಗಡಿಯಿದ್ದ ಬಿಸೊನೆಟ್ ರಸ್ತೆಯಲ್ಲಿ ಇದುವರೆಗೆ ನಡೆದಿಲ್ಲ. ಬರಿತಲೆಯಲ್ಲಿ ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರೆ ನೀನು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಬಾಗಿಲ ಹತ್ತಿರದಿಂದ ಏನು ಕಾಣುತ್ತದೆ? ಅವನಿಗೆ ಹತ್ತಿರದಿಂದ ನೋಡಬೇಕಾಗಿತ್ತು. ಏನನ್ನು ನೋಡಬೇಕು ಎಂದು ತನಗೆ ತಾನೇ ಹೇಳಿಕೊಳ್ಳುವಾಗ ಅವನು ಹೊಲಿಗೆ ಎನ್ನುತ್ತಿದ್ದ, ಹೊಲಿಗೆ ತಡೆಯುತ್ತದೋ ಇಲ್ಲವೋ ಎನ್ನುತ್ತಿದ್ದ. ಆ ಮಾತಿನ ಹಿಂದೆ ಇನ್ನೇನೋ ಇತ್ತು. ಅದನ್ನು ಮುಟ್ಟಲು ಹೋದಾಗೆಲ್ಲ ಮನಸ್ಸು ಜಾರಿ ಬೇರೆ ಕಡೆ ಹೋಗುತ್ತಿತ್ತು.

ಗಾಜಿನ ಬಾಗಿಲನ್ನು ಯಾರೋ ಬೆರಳ ಗೆಣ್ಣಿನಿಂದ ಕುಟ್ಟಿದರು. ಲಾಮಿದಿ ಟೊಪ್ಪಿಗೆಯನ್ನು ಕಿತ್ತು ಇಸ್ತ್ರಿ ಮಾಡಿದ ಅಂಗಿಗಳ ಕೆಳಗೆ ತುರುಕಿ ಚಿಲಕ ತೆಗೆದ. ಪಕ್ಕದ ಅಂಗಡಿಯ ಉಗೋಮ. ಗೆಣಸು, ಒಣಮೀನು, ತಾಳೆಎಣ್ಣೆ ಮಾರುವ, ನೈಜೀರಿಯಾದವಳೇ ಆದರೂ ಇಗ್ಬೊ ಪಂಗಡದ ಹೆಂಗಸು. ದಿನಕ್ಕೆರಡು ಸಲ ಚಿಲ್ಲರೆಗೆಂದು ಬಂದು ಮಾತಿಗೆ ನಿಲ್ಲುವವಳು. ಅವನ ಹೊಸ ಬಿಳಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಓಹೋ ದರ್ಜಿಯನ್ನೂ ಕರೆದಿದ್ದಾರೋ ಎಂದಳು. ಇಲ್ಲ, ಸುಮ್ಮನೆ ಹೋಗಿಬರುತ್ತೇನೆ ಎಂದ. "ನಿಮ್ಮ ಯೊರುಬಾ ಜನ ಬಿಡಪ್ಪ, ಬೆಕ್ಕು ಮರಿ ಹಾಕಿದ್ರೂ ಹಾಲ್ ಬುಕ್ ಮಾಡ್ತೀರಿ," ಎಂದು ನಕ್ಕಳು. ಅವನೂ ನಕ್ಕ. ನಗುವಾಗಲೂ ಅವಳ ಕಣ್ಣನ್ನೇ ನೋಡುತ್ತಿದ್ದ. ಹದಿನೈದು ದಿನದ ಹಿಂದೆ ಇದೇ ಬಾಗಿಲಲ್ಲಿ ಅವನ ಬಾಯಿಂದ ಒಂದು ಮಾತು ಜಾರಿಬಿಟ್ಟಿತ್ತು. ಮನುಷ್ಯರ ಮೈ ಎಷ್ಟು ಬೇಗ ಇಳಿದುಹೋಗುತ್ತದೆ ಎಂದಿದ್ದ. ಯಾರದ್ದು ಎಂದು ಉಗೋಮ ಕೇಳಿದ್ದಳು. ಯಾರದ್ದೂ ಅಲ್ಲ, ಮಾತಿಗೆ ಹೇಳಿದೆ ಎಂದು ಹೊಲಿಗೆಯಂತ್ರಕ್ಕೆ ಎಣ್ಣೆ ಬಿಡತೊಡಗಿದ್ದ. ಅವಳು ಮತ್ತೆ ಕೇಳಿರಲಿಲ್ಲ. ಕೇಳದೆ ಬಿಟ್ಟದ್ದಕ್ಕೇ ಅವನಿಗೆ ಹೆದರಿಕೆ. ಅಂದಿನಿಂದ ಅವಳು ಫೋನಿನಲ್ಲಿ ಮಾತಾಡುವುದು ಗೋಡೆಯಾಚೆಯಿಂದ ಕೇಳಿಸಿದರೆ ಅವನು ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದ. ಈಗಲೂ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಬರುವಾಗ ನನಗೂ ಒಂದು ಡಬ್ಬಿ ಅನ್ನ ಕಟ್ಟಿಸಿಕೊಂಡು ಬಾ, ಮೇಲೆ ಮೇಕೆಮಾಂಸ ಇರಲಿ ಎಂದು ಹೇಳಿ ಹೋದಳು.

ಇಬಿದುನ್ ಮೇಡಂ ಮಾರ್ಚಿನಲ್ಲಿ ಮೊದಲ ಸಲ ಅಳತೆ ಕೊಡಲು ಬಂದಾಗ ಟೇಪು ಅವರ ಸೊಂಟ ಸುತ್ತಿ ಬರಲು ಅವನು ಒಂದು ಹೆಜ್ಜೆ ಮುಂದೆ ಬಾಗಬೇಕಾಗಿತ್ತು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದ ದೊಡ್ಡ ಮೈಯ ಹೆಂಗಸು; ಅವರು ಒಳಗೆ ಬಂದರೆ ಅಂಗಡಿ ಚಿಕ್ಕದಾಗುತ್ತಿತ್ತು. ಜೂನಿನಲ್ಲಿ ಬಟ್ಟೆ ಬಂದಮೇಲೆ ಮತ್ತೆ ಅಳತೆ ತೆಗೆದಾಗ ಟೇಪಿನ ತುದಿ ಅವನ ಕೈಯಲ್ಲಿ ಉಳಿಯಿತು. ಆಗಸ್ಟಿನಲ್ಲಿ ಇನ್ನಷ್ಟು ಉಳಿಯಿತು. ಅವನು ಅಳತೆಯನ್ನು ಬಾಯಿಬಿಟ್ಟು ಹೇಳದೆ ಬರೆದುಕೊಂಡ. ಪುಸ್ತಕ ಮುಚ್ಚಿ ತಲೆಯೆತ್ತಿದಾಗ ಅವರು ಕನ್ನಡಿಯೊಳಗಿನಿಂದ ಅವನನ್ನೇ ನೋಡುತ್ತಿದ್ದರು. ಅವರ ಕೈಚೀಲ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡಿತ್ತು. ಅದರೊಳಗೆ ವಾರದ ಏಳು ದಿನದ ಹೆಸರು ಬರೆದ ಮಾತ್ರೆಡಬ್ಬಿ. ಅವನು ಅದನ್ನು ನೋಡಿದ್ದನ್ನೂ ಅವರು ನೋಡಿದರು.

"ನೀನು ಏನೂ ಕೇಳಲಿಲ್ಲ," ಎಂದರು.

"ಕೇಳೋದು ನನ್ನ ಕೆಲಸ ಅಲ್ಲ, ಮೇಡಂ."

"ಹಾಗಾದ್ರೆ ನಿನ್ನ ಕೆಲಸ ಹೇಳ್ತೀನಿ. ನನ್ನ ಮೈ ನನಗೆ ವಾಪಸ್ ಹೊಲಿದುಕೊಡು. ಮಾರ್ಚ್ ತಿಂಗಳದ್ದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಕೂತುಕೊಂಡರು. ಮಕ್ಕಳಿಗೆ ಹೇಳಿಲ್ಲ, ಇಬಾದಾನಿನಿಂದ ಬರಲಿರುವ ಅಕ್ಕನಿಗೆ ಹೇಳಿಲ್ಲ, ಪಾರ್ಟಿ ಮುಗಿಯುವವರೆಗೆ ಹೇಳುವುದೂ ಇಲ್ಲ ಎಂದರು. "ಗೊತ್ತಾದ್ರೆ ಪಾರ್ಟಿ ಹೋಗಿ ಪ್ರಾರ್ಥನಾ ಸಭೆ ಆಗುತ್ತೆ, ಲಾಮಿದಿ. ಪಾದ್ರಿ ಬಂದು ನನ್ನ ನೆತ್ತಿ ಮೇಲೆ ಕೈಯಿಟ್ಟು ಕೂಗ್ತಾನೆ. ನನಗೆ ಕುಣೀಬೇಕು. ಒಂದು ಸಲ ಎಲ್ಲರ ಜೊತೆ ಕುಣಿದು ಮುಗಿಸ್ತೀನಿ. ಆಮೇಲೆ ಎಷ್ಟು ಬೇಕೋ ಅಷ್ಟು ಅಳ್ಲಿ." ಯಾವ ಕಾಯಿಲೆ ಎಂದು ಹೇಳಲಿಲ್ಲ. ಅವನು ಕೇಳಲಿಲ್ಲ. ಆದರೆ ಅಂದು ಸಂಜೆಯಿಂದ ಅವನ ತಲೆಯಲ್ಲಿ ಅದೇ ಒಂದು ಪ್ರಶ್ನೆ ಕೂತಿತ್ತು. ಅದು ಹೊಟ್ಟೆಯಲ್ಲೋ, ರಕ್ತದಲ್ಲೋ, ಎಲುಬಿನಲ್ಲೋ. ಪ್ರಾರ್ಥನೆಗೆ ಮಂಡಿಯೂರಿದಾಗಲೂ ಆ ಪ್ರಶ್ನೆ ಪಕ್ಕದಲ್ಲಿ ಮಂಡಿಯೂರುತ್ತಿತ್ತು. ಪರರ ಮೈಯ ಬಗ್ಗೆ ಇಷ್ಟು ಕುತೂಹಲ ಹಲಾಲೋ ಹರಾಮೋ ಅವನಿಗೆ ತಿಳಿಯಲಿಲ್ಲ. ಇಡೀ ಊರಿನಲ್ಲಿ ತನಗೊಬ್ಬನಿಗೆ ಗೊತ್ತು ಎಂಬುದು ಮಾತ್ರ ಒಳಗೆ ಬೆಚ್ಚಗೆ ಕೂತಿತ್ತು, ಹೊದಿಕೆಯೊಳಗೆ ಅವಿತಿಟ್ಟ ತಿಂಡಿಯ ಹಾಗೆ.

ಉಡುಪಿನ ಒಳಗೆ ತೊಡುವ ಆ ಮೈಯನ್ನು ಮೊದಲು ಸ್ಪಂಜಿನಲ್ಲಿ ಮಾಡಿದ. ಅದು ಹಾಸಿಗೆಯಂತೆ ನಿಂತುಕೊಂಡಿತು, ಮೈಯಂತೆ ಕದಲಲಿಲ್ಲ. ಆಮೇಲೆ ಹತ್ತಿಯ ಹಾಳೆ ತಂದು, ತೆಳು ಮಲ್‌ಬಟ್ಟೆಯೊಳಗೆ ಪದರಪದರವಾಗಿ ಇಟ್ಟು ಸೂಜಿ ಹಾಯಿಸಿದ. ಪೃಷ್ಠದಲ್ಲಿ ಐದು ಪದರ, ಪಕ್ಕೆಗೆ ಬರುವಾಗ ಮೂರು, ಸೊಂಟದಲ್ಲಿ ಎರಡು. ತೋಳಿಗೆ ಅರ್ಧಚಂದ್ರದ ಎರಡು ತುಂಡು. ಬೆನ್ನಿನ ಮೇಲೆ, ಒಳಉಡುಪಿನ ಪಟ್ಟಿ ಬಿಗಿದಲ್ಲಿ ದಪ್ಪ ಹೆಂಗಸರಿಗೆ ಬರುವ ಒಂದು ಮಡಿಕೆ ಇರುತ್ತದಲ್ಲ, ಆ ಮಡಿಕೆಗೆ ಅವನಿಗೆ ಎರಡು ದಿನ ಹಿಡಿಯಿತು. ಇಪ್ಪತ್ತು ವರ್ಷ ಆ ಮಡಿಕೆಗಳನ್ನು ಅಡಗಿಸಲು ಹೊಲಿದ ಕೈ ಈಗ ಅದನ್ನು ಉಂಟುಮಾಡುತ್ತಿತ್ತು. ಮುಗಿದಾಗ ಬಾಗಿಲಿಗೆ ಚಿಲಕ ಹಾಕಿ ತಾನೇ ಅದನ್ನು ತೊಟ್ಟುಕೊಂಡು ಕನ್ನಡಿಯ ಮುಂದೆ ಕುಣಿದ. ಜಾರುತ್ತದೋ ನೋಡಲು, ಬಗ್ಗಿ, ಎದ್ದು, ಸೊಂಟ ತಿರುಗಿಸಿ. ಜಾರಲಿಲ್ಲ. ಬಿಸಿಯಾಯಿತು ಅಷ್ಟೆ. ಬಿಚ್ಚದೆ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದ. ಯಾರದೋ ದೇಹದ ಒಳಗೆ ಕೂತಿದ್ದೇನೆ ಅನ್ನಿಸಿ ನಾಚಿಕೆಯಾಯಿತು; ಎದ್ದೇಳಲು ಮನಸ್ಸೂ ಬರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅಬೆಯೊಕುಟಾದಲ್ಲಿ ಅಣ್ಣತಮ್ಮಂದಿರೆಲ್ಲ ಒಂದೇ ನೀಲಿ ಬಟ್ಟೆ ಹೊಲಿಸಿಕೊಂಡಿದ್ದರು. ಕಾಗದಪತ್ರ ಸರಿಯಿಲ್ಲದೆ ಇವನಿಗೆ ಹೋಗಲಾಗಲಿಲ್ಲ. ಫೋನಿಗೆ ಬಂದ ಚಿತ್ರದಲ್ಲಿ ಅಂಗಳವೆಲ್ಲ ನೀಲಿ. ಇವನ ಪಾಲಿನ ಐದು ಗಜ ಯಾರದೋ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳ ಮೇಲೆ ಬಂತು. ಅದಕ್ಕೆ ಅವನು ಇವತ್ತಿನವರೆಗೂ ಕತ್ತರಿ ಹಾಕಿಲ್ಲ. ಎಲ್ಲರ ನಡುವೆ ತೊಟ್ಟರೆ ಅದು ಅಪ್ಪನ ಬಟ್ಟೆ. ಒಬ್ಬನೇ ತೊಟ್ಟರೆ ಬರೀ ನೀಲಿ ಬಟ್ಟೆ.

ಗಿರಾಕಿಗಳ ಕೈಯಲ್ಲಿ ಕಂಡ ಆಮಂತ್ರಣದ ಕಾರ್ಡಿನಲ್ಲಿ ಎರಡು ಗಂಟೆ ಎಂದಿತ್ತು. ನಾಲ್ಕೂವರೆಗೆ ಅವನು ಹೋದಾಗ ಹಾಲಿನ ಹಿಂಬಾಗಿಲಲ್ಲಿ ಅನ್ನದ ತಟ್ಟೆಗಳನ್ನು ಇನ್ನೂ ಇಳಿಸುತ್ತಿದ್ದರು. ಕಾರಿನೊಳಗೇ ಟೊಪ್ಪಿಗೆ ಇಟ್ಟುಕೊಂಡ, ತೆಗೆದ, ಇಟ್ಟುಕೊಂಡ. ಬಾಗಿಲಲ್ಲಿದ್ದ ಹುಡುಗಿ ಅವನೇ ಹೊಲಿದ ಉಡುಪಿನಲ್ಲಿದ್ದಳು. ಹೊಟ್ಟೆಯ ಹತ್ತಿರ ಎರಡಿಂಚು ಬಟ್ಟೆ ಒಳಗೆ ಮಡಚಿಡಿ ಎಂದು ಪಿಸುಗುಟ್ಟಿ ಹೇಳಿದ್ದವಳು, ಯಾಕೆ ಎಂದು ಅವನು ಕೇಳಿರಲಿಲ್ಲ. ಅವಳಿಗೆ ಅವನ ಗುರುತು ಹತ್ತಲಿಲ್ಲ. ಅಂಗಡಿಯಲ್ಲಿ ಯಾರೂ ದರ್ಜಿಯ ಮುಖ ನೋಡುವುದಿಲ್ಲ, ಕನ್ನಡಿ ನೋಡುತ್ತಾರೆ. ಟೊಪ್ಪಿಗೆ ನೋಡಿ ಮಂಡಿ ಬಗ್ಗಿಸಿ ನಮಸ್ಕರಿಸಿ, "ಅಂಕಲ್, ಮನೆಯವರದ್ದು ಮುಂದಿನ ಟೇಬಲ್," ಎಂದಳು. ಅಲ್ಲಿ ಅವನು ಇಲ್ಲ ಎನ್ನಬಹುದಾಗಿತ್ತು. ಕಾಲು ಅವಳ ಹಿಂದೆ ಹೋಯಿತು.

ಮುಂದಿನ ಟೇಬಲ್ಲಿನಲ್ಲಿ ಒಬ್ಬರು ಮುದುಕರು ಕೂತಿದ್ದರು, ಇಬಿದುನ್ ಮೇಡಮ್ಮಿನ ಸೋದರಮಾವ. ಯಾರ ಮಗನಪ್ಪ ನೀನು ಎಂದು ಕೇಳಿದರು. ಅಬೆಯೊಕುಟಾ ಕಡೆಯವರು ಎಂದ ಲಾಮಿದಿ, ಅದು ಉತ್ತರವಾಗಲಿಲ್ಲ ಎಂದು ತನಗೇ ಗೊತ್ತಿದ್ದೂ. ಮುದುಕರಿಗೆ ಅಷ್ಟೇ ಸಾಕಾಯಿತು. ಅಬೆಯೊಕುಟಾದ ಯಾವನೋ ಸತ್ತ ಭಾವಮೈದುನನ ಕಿವಿ ಇವನದ್ದೇ ಥರ ಇತ್ತು, ಆ ಕವಲಿನವನೇ ಇರಬೇಕು ಎಂದು ತೀರ್ಮಾನಿಸಿ, ತನ್ನ ತಟ್ಟೆಯ ಮೇಕೆಮಾಂಸದ ಎರಡು ತುಂಡನ್ನು ಅವನ ತಟ್ಟೆಗೆ ದಾಟಿಸಿದರು. ಲಾಮಿದಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಮಾಂಸ ತಿಂದ. ಸುತ್ತ ನೋಡಿದ. ಎಲ್ಲೆಲ್ಲೂ ಅವನ ಹೊಲಿಗೆ. ತನ್ನ ಮೇಜಿನ ಮೇಲೆ ಒಂದೊಂದಾಗಿ, ಕೈಕಾಲಿಲ್ಲದೆ ಬಿದ್ದಿದ್ದ ಬಟ್ಟೆಗಳು ಈಗ ಎದ್ದು ನಿಂತು ತಿನ್ನುತ್ತಿದ್ದವು, ಒಬ್ಬರ ಭುಜಕ್ಕೊಬ್ಬರು ಹೊಡೆದು ನಗುತ್ತಿದ್ದವು. ಒಬ್ಬಾಕೆ ಕಂಕುಳಿನ ಹೊಲಿಗೆಯನ್ನು ತಾನೇ ಬಿಚ್ಚಿ ಸಡಿಲ ಮಾಡಿಕೊಂಡಿದ್ದಳು, ಬೇರೆ ಬಣ್ಣದ ದಾರದಲ್ಲಿ. ಅದನ್ನು ಕಂಡು ಅವನಿಗೆ ತನ್ನದೇ ಮೈ ಎಲ್ಲೋ ಬಿಚ್ಚಿದಂತಾಯಿತು.

ಐದೂವರೆಗೆ ಇಬಿದುನ್ ಮೇಡಂ ಬಂದರು. ಬಾಗಿಲಿನಿಂದ ವೇದಿಕೆಗೆ ನಲವತ್ತು ಹೆಜ್ಜೆ. ಅವರು ಅದನ್ನು ಇಪ್ಪತ್ತು ನಿಮಿಷದಲ್ಲಿ ಕುಣಿದು ದಾಟಿದರು, ಬ್ಯಾಂಡಿನವರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಅವರನ್ನು ಎಳೆದು ತರುವಂತೆ ಬಾರಿಸುತ್ತಿದ್ದರು. ಲಾಮಿದಿ ಚಮಚ ಕೆಳಗಿಟ್ಟ. ಪೃಷ್ಠ ತಾಳಕ್ಕಿಂತ ಸರಿಯಾಗಿ ಅರ್ಧ ಕ್ಷಣ ತಡವಾಗಿ ತಿರುಗುತ್ತಿತ್ತು, ನಿಜವಾದ ಭಾರ ತಿರುಗುವ ಹಾಗೆ. ತೋಳು ಮೇಲೆತ್ತಿದಾಗ ಅರ್ಧಚಂದ್ರ ಸ್ಥಳ ಬಿಟ್ಟು ಕದಲಲಿಲ್ಲ. ಬಗ್ಗಿದಾಗ ಬೆನ್ನಿನ ಮಡಿಕೆ ಮಡಚಿಕೊಂಡಿತು. ಪಕ್ಕದ ಟೇಬಲ್ಲಿನಲ್ಲಿ ಯಾರೋ, ಇಬಿದುನ್‌ಗೆ ವಯಸ್ಸೇ ಆಗೋದಿಲ್ಲ, ಹೇಗೆ ತುಂಬಿಕೊಂಡಿದ್ದಾಳೆ ನೋಡು ಎಂದರು. ಲಾಮಿದಿಗೆ ಎದೆಯುಬ್ಬಿತು. ಸಾಯುತ್ತಿರುವ ಹೆಂಗಸೊಬ್ಬಳನ್ನು ನೋಡಿ ತನಗೆ ಹಿಗ್ಗಾಗುತ್ತಿದೆಯಲ್ಲ ಎಂದು ಗಾಬರಿಯೂ ಆಯಿತು. ಆದರೆ ಹಿಗ್ಗು ಗಾಬರಿಗೆ ಜಾಗ ಬಿಡಲಿಲ್ಲ. ಅದು ನನ್ನದು ಎಂದು ಎದ್ದು ಹೇಳಬೇಕೆನ್ನಿಸಿತು. ಪಕ್ಕದ ಮುದುಕರು ಅವನ ಮೊಣಕೈ ಹಿಡಿದು, ನೋಡಿದೆಯಾ ನನ್ನ ತಂಗಿಯ ಮಗಳನ್ನ, ನಮ್ಮ ಮನೆಯ ಮೂಳೆಯೇ ಹಾಗೆ ಎಂದರು. ಲಾಮಿದಿ ಬಾಯಿ ತೆರೆದ. "ಅದು..." ಎಂದ. ಮುಂದಿನ ಶಬ್ದ ನಾಲಿಗೆಯ ಮೇಲೆ ಬಂದು ಕೂತಿತ್ತು. ಒಂದು ಚಮಚ ಅನ್ನ ತುಂಬಿಕೊಂಡು ಅದನ್ನು ಒಳಗೆ ತಳ್ಳಿದ.

ಡೋಲಿನವನು ಬಂದದ್ದು ಆಗ. ಬಗಲಲ್ಲಿ ಡೋಲನ್ನು ಅವುಚಿ, ಬಿಗಿದು ಸಡಿಲಿಸಿ ಅದರಿಂದ ಮಾತನ್ನೇ ಹೊರಡಿಸುವ ಆಸಾಮಿ. ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಯಾರ ಬಟ್ಟೆ ಯಾವ ಮನೆಯದು ಎಂದು ನೋಡಿ ಆ ಮನೆತನದ ಹೊಗಳಿಕೆ ಬಾರಿಸುವುದು ಅವನ ಕಸುಬು. ಅವನು ಮುಖ ನೋಡಲಿಲ್ಲ, ಟೊಪ್ಪಿಗೆ ನೋಡಿದ. ಬೆಟ್ಟದ ಬುಡದ ಮನೆಯ ಮಗ ಎಂದಿತು ಡೋಲು. ಮೂರು ಕುದುರೆ ಕಟ್ಟಿದ ಅಂಗಳದ ಮಗ. ಬಂದವರಿಗೆ ಚಾಪೆ ಹಾಸಿ ತಾನು ನೆಲದ ಮೇಲೆ ಕೂತವಳ ಮೊಮ್ಮಗ, ಎದ್ದೇಳು. ಡೋಲು ಕರೆದಾಗ ಕೂತೇ ಇರುವವನು ಇನ್ನೂ ಹುಟ್ಟಿಲ್ಲ. ಲಾಮಿದಿ ಎದ್ದ. ಅವನಿಗಾಗಿ ಈ ನಗರದಲ್ಲಿ ಯಾವ ಡೋಲೂ ಬಾರಿಸಿರಲಿಲ್ಲ. ಇದೂ ಅವನಿಗಾಗಿ ಬಾರಿಸುತ್ತಿರಲಿಲ್ಲ. ಆದರೂ ಬೆನ್ನಹುರಿಯ ಉದ್ದಕ್ಕೂ ಏನೋ ಏರಿ ಬಂತು, ಕಣ್ಣು ಒದ್ದೆಯಾಯಿತು. ಪದ್ಧತಿಯಂತೆ ಜೇಬಿನಿಂದ ನೋಟು ತೆಗೆದು ಡೋಲಿನವನ ಬೆವರಿದ ಹಣೆಗೆ ಅಂಟಿಸಿದ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ, ವೇದಿಕೆಯ ಮೆಟ್ಟಿಲ ಹತ್ತಿರ ನಿಂತು ಚಪ್ಪಾಳೆ ತಟ್ಟದೆ ಇದ್ದ ಒಬ್ಬರನ್ನು ಕಂಡ. ಎತ್ತರದ ಮುದುಕಿ, ಇಬಿದುನ್ ಮೇಡಮ್ಮಿನ ಮುಖವೇ, ಆದರೆ ನಗು ತೆಗೆದದ್ದು. ಅಕ್ಕ ಅಬೆನಿ. ಇಬಾದಾನಿನಲ್ಲಿ ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಮೊನ್ನೆ ಗುರುವಾರ ಬಂದಿಳಿದವರು. ಆಕೆ ಬೆರಳಿನಿಂದ ಕರೆಯಲೂ ಇಲ್ಲ. ನೋಡಿ, ತಿರುಗಿ, ಅಡಿಗೆಮನೆಯ ಕಡೆಯ ಬಾಗಿಲಿಗೆ ನಡೆದರು. ಅವನು ಹಿಂದೆ ಹೋದ.

ಆ ಚಿಕ್ಕ ಕೋಣೆಯಲ್ಲಿ ಬಂದವರಿಗೆ ಕೊಡಲೆಂದು ತರಿಸಿದ್ದ ಪ್ಲಾಸ್ಟಿಕ್ ಬೋಗುಣಿಗಳನ್ನು ಚಾವಣಿಯವರೆಗೆ ಪೇರಿಸಿದ್ದರು, ಒಂದೊಂದರ ಮೇಲೂ ಇಬಿದುನ್ ಮೇಡಮ್ಮಿನ ಹಳೆಯ, ದುಂಡು ಮುಖದ ಚಿತ್ರ. ಆ ನೂರಾರು ಮುಖಗಳ ಮುಂದೆ ಲಾಮಿದಿ ಬಾಗಿ ಬೆರಳನ್ನು ನೆಲಕ್ಕೆ ತಾಗಿಸಿ ನಮಸ್ಕರಿಸಿದ. ಅಬೆನಿ ಅದನ್ನು ಸ್ವೀಕರಿಸಲೂ ಇಲ್ಲ, ತಳ್ಳಲೂ ಇಲ್ಲ.

"ಇಸೇಯಿನ್‌ನಲ್ಲಿ ನೇಕಾರನ ಮಗ್ಗದ ಪಕ್ಕ ಸ್ಟೂಲ್ ಹಾಕ್ಕೊಂಡು ಆರು ದಿನ ಕೂತಿದ್ದೀನಿ," ಎಂದರು, ತರಗತಿಯಲ್ಲಿ ಮಾತಾಡುವವರ ಮೆಲುದನಿಯಲ್ಲಿ. "ಹನ್ನೊಂದು ಟೊಪ್ಪಿಗೆಗೆ ಅಂತ ಲೆಕ್ಕ ಹಾಕಿ ಕಳಿಸಿದ್ದೆ. ಇವತ್ತು ಹನ್ನೆರಡು ಎಣಿಸಿದೆ. ನೀನು ಟೇಲರ್ ಅಲ್ವೇನಯ್ಯ?"

"ಹೌದು ಅಮ್ಮ. ಉಳಿದ ತುಂಡು. ತಪ್ಪಾಯ್ತು."

"ಬೇಕಿದ್ರೆ ಕೇಳಬಹುದಿತ್ತು."

ಅವನ ಬೆರಳು ಟೊಪ್ಪಿಗೆಯ ಅಂಚಿಗೆ ಹೋಯಿತು.

"ಟೊಪ್ಪಿಗೆ ಹೋಗ್ಲಿ. ನನ್ನ ತಂಗಿ ಒಳಗೆ ಬಂದಾಗಿನಿಂದ ನಿನ್ನ ಕಣ್ಣು ಅವಳ ಸೊಂಟ ಬಿಟ್ಟು ಕದಲಿಲ್ಲ. ನಾನು ನೋಡ್ತಾನೇ ಇದ್ದೆ. ಕದ್ದ ಟೊಪ್ಪಿಗೆ ಹಾಕ್ಕೊಂಡು, ನಮ್ಮ ಮನೆ ಟೇಬಲ್‌ನಲ್ಲಿ ಕೂತು, ವಿಧವೆ ಹೆಂಗಸನ್ನ ಆ ಥರ ನೋಡೋದಾ?"

ಲಾಮಿದಿಗೆ ಕಿವಿಯವರೆಗೆ ಬಿಸಿ ಹರಿಯಿತು. ಬಾಯಿ ತೆರೆದರೆ ಒಂದೇ ಮಾತಿನಲ್ಲಿ ಪಾರಾಗಬಹುದಿತ್ತು. ಆ ಮಾತು ಇಷ್ಟು ದಿನ ಹೊರಗೆ ಬರಲು ಹವಣಿಸುತ್ತಿದ್ದದ್ದೇ. ಈಗ ಅದಕ್ಕೆ ಒಳ್ಳೆಯ ಕಾರಣವೂ ಸಿಕ್ಕಿತ್ತು. ಕಳ್ಳ ಎನ್ನಿಸಿಕೊಂಡದ್ದನ್ನು ಅವನು ಒಪ್ಪಿಕೊಂಡಿದ್ದ. ಆದರೆ ಇದನ್ನು ಹೇಗೆ ಒಪ್ಪಿಕೊಳ್ಳುವುದು? ಬೋಗುಣಿಗಳ ಮೇಲಿಂದ ಆ ದುಂಡು ಮುಖಗಳೆಲ್ಲ ಅವನನ್ನೇ ನೋಡುತ್ತಿದ್ದವು. ಕುಣಿದು ಮುಗಿಸ್ತೀನಿ ಎಂದಿದ್ದರು ಅವರು. ಹೊರಗೆ ಹಾಡು ಇನ್ನೂ ಮುಗಿದಿರಲಿಲ್ಲ.

"ಹೊಲಿಗೆ ನೋಡ್ತಿದ್ದೆ, ಅಮ್ಮ," ಎಂದ. ಹೇಳಿದ ಮೇಲೆ ಅದು ಎಷ್ಟು ಬಡಪಾಯಿ ಮಾತು ಎಂದು ಅವನಿಗೇ ಕೇಳಿಸಿತು.

ಅಬೆನಿ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತರು. ಕೂತಾಗ ಒಮ್ಮೆಲೇ ತುಂಬ ವಯಸ್ಸಾದವರಂತೆ ಕಂಡರು. ಆಮೇಲೆ, "ಅಷ್ಟು ಹತ್ತಿ ಎಲ್ಲಿಂದ ತಂದೆ?" ಎಂದರು.

ಮೊದಲು ಅವನಿಗೆ ನೆನಪಾದದ್ದು ಉಗೋಮ. ಬಾಗಿಲಲ್ಲಿ ಜಾರಿದ ಆ ಒಂದು ಮಾತು ಗೋಡೆಯಾಚೆಯ ಫೋನಿನಿಂದ ಹೊರಟು ಇಲ್ಲಿಗೆ ತಲುಪಿತು, ತಾನೇ ಎಲ್ಲವನ್ನೂ ಹಾಳುಮಾಡಿದೆ ಎಂದುಕೊಂಡ. ಯಾರು ಹೇಳಿದರು ಎಂದು ಕೇಳಿದ.

"ಯಾರು ಹೇಳಬೇಕು? ಗುರುವಾರ ಏರ್‌ಪೋರ್ಟ್‌ನಲ್ಲಿ ಅವಳನ್ನ ಅಪ್ಪಿಕೊಂಡೆ. ಕೈ ಒಳಗೆ ಹೋಯ್ತು. ಹೋಗ್ತಾನೇ ಇತ್ತು." ಅಬೆನಿ ತಮ್ಮ ಬಲ ಅಂಗೈಯನ್ನು ತೊಡೆಯ ಮೇಲೆ ಮಲಗಿಸಿ ನೋಡಿಕೊಂಡರು. "ಅವಳು ಹುಟ್ಟಿದಾಗ ನನಗೆ ಹತ್ತು ವರ್ಷ. ನನ್ನ ಬೆನ್ನಿಗೆ ಕಟ್ಟಿಕೊಂಡು ಅವಳನ್ನ ಬೆಳೆಸಿದ್ದು. ಅವಳ ಮೈ ಯಾವುದು, ಹತ್ತಿ ಯಾವುದು ಅಂತ ನನಗೆ ಗೊತ್ತಾಗಲ್ವ? ರಾತ್ರಿ ಅವಳ ಮಗ ಬಂದ, ಅಪ್ಪಿಕೊಂಡ. ಮಗಳು ಬಂದಳು. ತಂಗಿಯ ಭುಜದ ಮೇಲಿಂದ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಯಾರೂ ಬಾಯಿ ಬಿಡಲಿಲ್ಲ."

ಇಡೀ ಮನೆಗೆ ಗೊತ್ತೇ ಎಂದು ಅವನು ಕೇಳಿದ. ಹೊರಗೆ ಇವತ್ತು ಅವಳನ್ನು ಅಪ್ಪಿಕೊಂಡವರೆಷ್ಟು ಜನವೋ ಅಷ್ಟು ಜನಕ್ಕೆ ಎಂದರು ಅಬೆನಿ. ಕಣ್ಣಿಗೆ ಮಾತ್ರ ಒಳ್ಳೆಯ ಕೆಲಸ ಎಂದೂ ಸೇರಿಸಿದರು. ಅದು ಹಂಗಿಸಿದ್ದೋ ಹೊಗಳಿದ್ದೋ ತಿಳಿಯಲಿಲ್ಲ.

ಲಾಮಿದಿ ಗೋಡೆಗೆ ಒರಗಿಕೊಂಡ. ಅಪ್ಪಿಕೊಳ್ಳದೆ ಮಾತು ಶುರುಮಾಡದ ಜನ, ಎದೆಗೆ ಎದೆ ತಾಗಿಸದೆ ಕುಣಿಯದ ಜನ, ಅವರ ನಡುವೆ ಹುಟ್ಟಿ ಬೆಳೆದವನು ತಾನು. ಪದರ ಎಣಿಸಿದ್ದ, ಮಡಿಕೆ ಹಾಕಿದ್ದ, ಕನ್ನಡಿಯ ಮುಂದೆ ಕುಣಿದು ಎಲ್ಲ ಕಡೆಯಿಂದ ನೋಡಿದ್ದ. ಅದನ್ನು ತೊಟ್ಟು ನಿಂತಾಗ ಒಬ್ಬರು ಬಂದು ತನ್ನನ್ನು ತಬ್ಬಿಕೊಂಡಿದ್ದರೆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಹಾಗೆ ತಬ್ಬಿಕೊಳ್ಳುವವರು ಯಾರಾದರೂ ಇದ್ದಿದ್ದರೆ ಆ ಯೋಚನೆಯಾದರೂ ಬರುತ್ತಿತ್ತು. ತನಗೊಬ್ಬನಿಗೇ ಗೊತ್ತು ಎಂದು ಬೆಚ್ಚಗೆ ಇಟ್ಟುಕೊಂಡಿದ್ದ ಗುಟ್ಟು ಎಲ್ಲರಿಗೂ ಗೊತ್ತಿತ್ತು. ಅವರು ಅದನ್ನು ಅವನಿಗಿಂತ ಚೆನ್ನಾಗಿ ಇಟ್ಟುಕೊಂಡಿದ್ದರು, 'ಹೇಗೆ ತುಂಬಿಕೊಂಡಿದ್ದಾಳೆ ನೋಡು' ಎಂದು ಬಾಯಿತುಂಬ ಹೇಳುತ್ತ. ಅವನು ಟೊಪ್ಪಿಗೆಯನ್ನು ತೆಗೆದು ಎರಡೂ ಕೈಯಿಂದ ಆಕೆಯ ಮುಂದೆ ಹಿಡಿದ.

"ಈಗ ತೆಗೀಬೇಡ," ಎಂದರು ಅಬೆನಿ. "ಹೋಗುವಾಗ ಇತ್ತು ಬರುವಾಗ ಇಲ್ಲ ಅಂದ್ರೆ ಜನ ಕೇಳ್ತಾರೆ. ನಾನು ಉತ್ತರ ಹೇಳಬೇಕಾಗುತ್ತೆ. ಹಾಕ್ಕೋ. ಸೋಮವಾರ ವಾಪಸ್ ತಂದುಕೊಡು." ಎದ್ದು ತಲೆಕಟ್ಟನ್ನು ಸರಿಮಾಡಿಕೊಂಡರು. ಬಾಗಿಲ ಹತ್ತಿರ ನಿಂತು, ತಿರುಗದೆ, "ನಮಗೆ ಗೊತ್ತು ಅಂತ ಅವಳಿಗೆ ಗೊತ್ತಿಲ್ಲ," ಎಂದರು. ಅಷ್ಟೇ. ಗೊತ್ತಾದರೆ ಏನು ಎಂಬುದನ್ನು ಹೇಳಲಿಲ್ಲ.

ಹೊರಗೆ ಬ್ಯಾಂಡಿನವರು ಮನೆಯವರನ್ನು ಕರೆಯುತ್ತಿದ್ದರು. ಬದನೆಕಾಯಿ ಬಣ್ಣದವರೆಲ್ಲ ಸಾಲಾಗಿ, ಕುಣಿಯುತ್ತ, ಒಬ್ಬೊಬ್ಬರಾಗಿ ಹೋಗಿ ಇಬಿದುನ್ ಮೇಡಮ್ಮನ್ನು ಅಪ್ಪಿ ಒಂದು ಸುತ್ತು ಕುಣಿದು ಮುಂದೆ ಸಾಗಬೇಕು. ಆ ಮುದುಕರು ಲಾಮಿದಿಯನ್ನು ಕಂಡು, ಎಲ್ಲಿ ಹೋಗಿದ್ದೆಯೋ ಎಂದು ತೋಳು ಹಿಡಿದು ತನ್ನ ಹಿಂದೆ ನಿಲ್ಲಿಸಿಕೊಂಡರು. ಮುಂದೆ ಮಗ ಹೋದ. ಬಾಗಿಲಲ್ಲಿದ್ದ ಹುಡುಗಿ ಹೋದಳು, ಕೈಯೊಂದನ್ನು ತನ್ನ ಹೊಟ್ಟೆಯ ಮುಂದಿಟ್ಟುಕೊಂಡು. ಮುದುಕರು ಹೋದರು, ಕುಣಿಯಲಾರದೆ ತಲೆ ಮಾತ್ರ ಆಡಿಸುತ್ತ. ಲಾಮಿದಿ ಅವರವರ ಕೈಗಳನ್ನು ನೋಡುತ್ತಿದ್ದ. ಇಷ್ಟು ಹೊತ್ತು ಅವನು ಕೈಗಳನ್ನು ನೋಡಿಯೇ ಇರಲಿಲ್ಲ.

ಅವನ ಸರದಿ ಬಂತು. ಇಬಿದುನ್ ಮೇಡಮ್ಮಿನ ಕಣ್ಣು ಮೊದಲು ಟೊಪ್ಪಿಗೆಯ ಮೇಲೆ ಬಿತ್ತು, ಆಮೇಲೆ ಮುಖದ ಮೇಲೆ. ಅವರ ತುಟಿಯ ಮೇಲೆ ಬೆವರು, ಬಣ್ಣದ ಕೆಳಗೆ ಕೆನ್ನೆ ಬೂದಿಬಣ್ಣಕ್ಕೆ ತಿರುಗಿತ್ತು. ನಕ್ಕುಬಿಟ್ಟರು. ಎರಡೂ ತೋಳು ಚಾಚಿ ಅವನನ್ನು ಎಳೆದುಕೊಂಡು ಕಿವಿಯಲ್ಲಿ, "ಕಳ್ಳ," ಎಂದರು. ಉಸಿರು ಸುಧಾರಿಸಿಕೊಂಡು, "ಯಾರಿಗಾದ್ರೂ ಗೊತ್ತಾಯ್ತಾ?" ಎಂದರು.

ಅವರ ಭುಜದ ಮೇಲಿಂದ, ಮೂರು ಹೆಜ್ಜೆಯಾಚೆ, ಅಬೆನಿ ಚಪ್ಪಾಳೆ ತಟ್ಟುತ್ತ ಅವನನ್ನೇ ನೋಡುತ್ತಿದ್ದರು.

"ಯಾರಿಗೂ ಇಲ್ಲ, ಮೇಡಂ."

ಟೇಪು ಹಿಡಿಯದೆ ಅವರ ಮೈ ಮುಟ್ಟಿದ್ದು ಇದೇ ಮೊದಲು. ಎಲ್ಲಿ ಕೈ ಇಡಬೇಕೆಂದು ತಿಳಿಯದೆ ಬೆನ್ನಿನ ಮೇಲಿಟ್ಟ. ಅಂಗೈ ಒಳಗೆ ಇಳಿಯಿತು. ಮೊದಲ ಪದರ, ಎರಡನೆಯದು. ಎಷ್ಟನೆಯದು ಎಂದು ಅವನ ಬೆರಳಿಗೆ ಗೊತ್ತಿತ್ತು. ಅದರ ಆಚೆ, ಬಹಳ ಒಳಗೆ, ಬಿಸಿಯಾದದ್ದೇನೋ ಬೇಗಬೇಗ ಉಸಿರಾಡುತ್ತಿತ್ತು. ಇನ್ನೊಂದು ಚೂರು ಒತ್ತಿದರೆ ಎಲುಬು ಸಿಗುತ್ತದೆ. ಅವನ ಕುತೂಹಲ ಇಷ್ಟು ತಿಂಗಳು ಹುಡುಕಿದ್ದು ಅಲ್ಲೇ ಎಲ್ಲೋ ಇತ್ತು. ಅವನಿಗಿಂತ ಮುಂಚೆ ಮಗನ ಕೈ, ಆ ಹುಡುಗಿಯ ಕೈ, ಮುದುಕರ ನಡುಗುವ ಕೈ ಇಲ್ಲಿಯವರೆಗೆ ಬಂದು ನಿಂತಿದ್ದವು. ಲಾಮಿದಿ ಅಲ್ಲಿಗೇ ಕೈ ನಿಲ್ಲಿಸಿದ. ಡೋಲು ಜೋರಾಯಿತು. ತುಂಬ ಭಾರದ ಹೆಂಗಸೊಬ್ಬಳನ್ನು ಹಿಡಿದವನಂತೆ ಕಾಲುಗಳನ್ನು ಅಗಲಿಸಿ, ನೆಲಕ್ಕೆ ಬಲವಾಗಿ ಊರಿಕೊಂಡು, ಅವನು ಅವರ ಜೊತೆ ಕುಣಿಯತೊಡಗಿದ.